ನಮ್ಮೂರಿನಲ್ಲೊಂದು ‘ತೋರಿಸೋ ಸಂಜೆ’: ಶುರು ಮಾಡುವುದು ಹೇಗೆ?

ಪ್ರತಿ ಊರಿನಲ್ಲೂ ಏನಾದರೊಂದು ಮಾಡುತ್ತಲೇ ಇರುವವರು ಇರುತ್ತಾರೆ. ಕಸೂತಿ ಹಾಕುವವರು, ಕಿರುಚಿತ್ರ ತೆಗೆಯುವವರು, ಕೆರೆಯ ಹಕ್ಕಿಗಳ ಫೋಟೊ ತೆಗೆಯುವವರು, ಯಕ್ಷಗಾನದ ಕಿರೀಟ ಕಟ್ಟುವವರು, ಮಕ್ಕಳಿಗೆ ವಿಜ್ಞಾನದ ಮಾದರಿ ತಯಾರಿಸುವ ಮೇಷ್ಟ್ರು. ಪಕ್ಕದ ಬೀದಿಯಲ್ಲೇ ಇದ್ದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಎಲ್ಲ ಮುಗಿದು ಬಿಡುಗಡೆಯೋ ಪ್ರದರ್ಶನವೋ ನಡೆದಾಗ. ಅಷ್ಟರಲ್ಲಿ ಒಳ್ಳೆಯ ಸಲಹೆ ಬಂದರೂ ತಿದ್ದುವ ಕಾಲ ಮೀರಿರುತ್ತದೆ.

ಕೆಲಸ ಅರ್ಧದಲ್ಲಿರುವಾಗಲೇ ನಾಲ್ಕು ಜನರ ಮುಂದಿಟ್ಟು ಮಾತಾಡುವ ರೂಢಿ ನಮಗೆ ಹೊಸದಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪು’ ಬರೆದದ್ದನ್ನು ತಮ್ಮತಮ್ಮಲ್ಲೇ ಓದಿ ಚರ್ಚಿಸುತ್ತಿತ್ತು. 2003ರಲ್ಲಿ ಟೋಕಿಯೊದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ವಾಸ್ತುಶಿಲ್ಪಿಗಳು ತರುಣ ವಿನ್ಯಾಸಕಾರರಿಗಾಗಿ ‘ಪೆಚಾ ಕುಚಾ’ ರಾತ್ರಿಗಳನ್ನು ಶುರು ಮಾಡಿದರು. ಅದರ ನಿಯಮ ಸರಳ: 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡು. 2006ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ‘ಇಗ್ನೈಟ್’ ಸ್ಲೈಡಿಗೆ 15 ಸೆಕೆಂಡಿನಂತೆ ಅದನ್ನು 5 ನಿಮಿಷಕ್ಕೆ ಇಳಿಸಿತು. ಇಂಥ ಸಂಜೆಯನ್ನು ನಿಮ್ಮ ಊರಿನಲ್ಲಿ ಶುರು ಮಾಡಲು ಸಂಘ ಕಟ್ಟಬೇಕಿಲ್ಲ, ಚಂದಾ ಎತ್ತಬೇಕಿಲ್ಲ. ಜೊತೆಗೆ ಇನ್ನಿಬ್ಬರು ನಿಂತರೆ ಸಾಕು.

ಹಂತ 1: ಇದು ಯಾವ ಬಗೆಯ ಸಂಜೆ ಎಂದು ಮೊದಲೇ ನಿಶ್ಚಯಿಸಿ

ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಅಧ್ಯಕ್ಷರ ಭಾಷಣ, ವಂದನಾರ್ಪಣೆ: ಇವು ಗೌರವ ಸಲ್ಲಿಸುವ ಸಮಾರಂಭಕ್ಕೆ ತಕ್ಕವು. ಇಲ್ಲಿ ಇವು ಬೇಡ. ಸನ್ಮಾನದ ವಾತಾವರಣದಲ್ಲಿ ಯಾರೂ ಅರೆಬರೆ ಕೆಲಸವನ್ನು ಹೊರತೆಗೆಯುವುದಿಲ್ಲ, ನೋಡಿದವರೂ ಹೊಗಳಿಕೆಯ ಆಚೆಗೆ ಬಾಯಿ ಬಿಡುವುದಿಲ್ಲ. ಆದ್ದರಿಂದ ಮೂರು ನಿಯಮ ಇಟ್ಟುಕೊಳ್ಳಿ: ಮುಖ್ಯ ಅತಿಥಿ ಇಲ್ಲ, ಪ್ರಶಸ್ತಿ ಇಲ್ಲ, ಮುಗಿಯದ ಕೆಲಸಕ್ಕೆ ಮೊದಲ ಆದ್ಯತೆ.

ಹೆಸರು ನಿಮ್ಮದೇ ಇರಲಿ. ‘ಪೆಚಾ ಕುಚಾ’ ಹೆಸರಿನಲ್ಲಿ ನಡೆಸಲು ಅವರ ಸಂಸ್ಥೆಯ ಒಪ್ಪಿಗೆ ಬೇಕು. ‘ತೋರಿಸೋ ಸಂಜೆ’, ‘ಶನಿವಾರದ ಜಗಲಿ’ ಎಂಬಂಥ ಹೆಸರಾದರೆ ಯಾರನ್ನೂ ಕೇಳಬೇಕಿಲ್ಲ.

ಹಂತ 2: ಜಾಗ ಮತ್ತು ದಿನ ಗೊತ್ತು ಮಾಡಿ

ಇಪ್ಪತ್ತು–ಮೂವತ್ತು ಜನ ಹಿಡಿಸುವ ಜಾಗ ಸಾಕು. ಶಾಲೆಯ ತರಗತಿ, ಹೋಟೆಲಿನ ಮಹಡಿ, ಯಾರದಾದರೂ ಮನೆಯ ಹಜಾರ, ಪಂಚಾಯಿತಿ ಗ್ರಂಥಾಲಯ ಎಲ್ಲವೂ ಆದೀತು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೂ ಆಗಿವೆ. ಮೊದಲು ಗ್ರಂಥಪಾಲಕರನ್ನು ಕಂಡು ಮಾತಾಡಿ, ಆಮೇಲೆ ಪಂಚಾಯಿತಿಗೆ ಒಂದು ಪುಟದ ಮನವಿ ಕೊಡಿ. ದೊಡ್ಡ ಸಭಾಂಗಣದ ಆಸೆ ಬೇಡ. ಮುನ್ನೂರು ಕುರ್ಚಿಗಳ ನಡುವೆ ಇಪ್ಪತ್ತೈದು ಜನ ಕೂತರೆ ಸಭೆ ಸೋತಂತೆ ಕಾಣುತ್ತದೆ, ಅಷ್ಟೇ ಜನ ಒಂದು ತರಗತಿಯಲ್ಲಿ ಕೂತರೆ ಕೋಣೆ ತುಂಬುತ್ತದೆ.

ಕೋಣೆ ಚಿಕ್ಕದಾದರೆ ಮೈಕ್ ಬೇಕಾಗುವುದಿಲ್ಲ. ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದಾದರೆ 2000ರ ಶಬ್ದಮಾಲಿನ್ಯ ನಿಯಮಗಳಂತೆ ಮೊದಲೇ ಲಿಖಿತ ಅನುಮತಿ ಪಡೆಯಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ.

ದಿನ ಪ್ರತಿ ತಿಂಗಳೂ ಒಂದೇ ಇರಲಿ: ಎರಡನೇ ಶನಿವಾರ, ಸಂಜೆ 6 ಗಂಟೆ. ಒಮ್ಮೆ ತಪ್ಪಿಸಿಕೊಂಡವರಿಗೆ ಮುಂದಿನದು ಯಾವಾಗ ಎಂದು ಕೇಳದೆಯೇ ಗೊತ್ತಿರಬೇಕು. ಊರಿನ ಜಾತ್ರೆ, ಶಾಲೆಯ ಪರೀಕ್ಷೆಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ಹಂತ 3: ಮೊದಲ ಐದು ಜನರನ್ನು ಖುದ್ದಾಗಿ ಕರೆಯಿರಿ

‘ಆಸಕ್ತರು ಹೆಸರು ಕೊಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ವೇದಿಕೆ ರೂಢಿಯಿರುವವರೇ ಹೆಚ್ಚಾಗಿ ಮುಂದೆ ಬರುತ್ತಾರೆ. ಮನೆಯೊಳಗೆ ಕೂತು ಕೆಲಸ ಮಾಡುವವರನ್ನು ನೀವೇ ಹೋಗಿ ಕೇಳಬೇಕು. ಯಾವ ಕೆಲಸ ನೋಡಬೇಕೆಂದಿದ್ದೀರಿ ಎನ್ನುವುದನ್ನು ಬಿಡಿಸಿ ಹೇಳಿ:

“ಅಕ್ಕಾ, ನೀವು ಹಾಕ್ತಿರೋ ಕಸೂತಿ ಸೀರೆ ಮುಗಿಯೋಕೆ ಮೊದಲೇ ಎಲ್ಲರೂ ನೋಡಬೇಕು ಅಂತ ಆಸೆ. ಬರೋ ಶನಿವಾರ ಸಂಜೆ ಲೈಬ್ರರಿಯಲ್ಲಿ ಇಪ್ಪತ್ತು ಜನ ಸೇರ್ತೀವಿ. ಸೀರೆ, ದಾರ, ಸೂಜಿ ತನ್ನಿ, ಏಳು ನಿಮಿಷ ತೋರಿಸಿ. ಭಾಷಣ ಮಾಡೋದೇನೂ ಇಲ್ಲ. ನಾನು ಪಕ್ಕದಲ್ಲೇ ಇರ್ತೀನಿ.”

ಐವರಲ್ಲಿ ಎಲ್ಲರೂ ಬರಹಗಾರರೋ ಎಲ್ಲರೂ ಫೋಟೊಗ್ರಾಫರುಗಳೋ ಆಗದಂತೆ ನೋಡಿಕೊಳ್ಳಿ. ಒಬ್ಬರು ಕೈಕೆಲಸದವರು, ಒಬ್ಬರು ಬರೆಯುವವರು, ಒಬ್ಬರು ಕಂಪ್ಯೂಟರಿನಲ್ಲಿ ಏನೋ ಕಟ್ಟುತ್ತಿರುವವರು, ಒಬ್ಬ ವಿದ್ಯಾರ್ಥಿ, ಒಬ್ಬ ಹಿರಿಯರು. ಬೇರೆ ಕ್ಷೇತ್ರದವರು ಕೇಳುವ ಪ್ರಶ್ನೆಯೇ ಹಲವು ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆರನೆಯವರೊಬ್ಬರನ್ನು ಬದಲಿಯಾಗಿ ಹೇಳಿಟ್ಟಿರಿ. ಯಾರಿಗಾದರೂ ಜ್ವರ ಬಂದರೂ ಸಂಜೆ ನಿಲ್ಲುವುದಿಲ್ಲ.

ಹಂತ 4: ತೋರಿಸುವವರನ್ನು ಅಣಿಗೊಳಿಸಿ

ಮೊದಲ ಸಲ ಮಾತಾಡುವವರಿಗೆ ಈ ಚೌಕಟ್ಟು ಕೊಡಿ:

- ಮೊದಲ 1 ನಿಮಿಷ: ನಾನು ಮಾಡುತ್ತಿರುವುದು ಏನು
- ಮುಂದಿನ 4 ನಿಮಿಷ: ಹೇಗೆ ಮಾಡುತ್ತೇನೆ, ಇಲ್ಲಿಯವರೆಗೆ ಏನಾಗಿದೆ
- ಮುಂದಿನ 1 ನಿಮಿಷ: ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ
- ಕೊನೆಯ 1 ನಿಮಿಷ: ನಿಮ್ಮಲ್ಲಿ ನಾನು ಕೇಳುವ ಒಂದು ಪ್ರಶ್ನೆ

ಕೊನೆಯ ಪ್ರಶ್ನೆಯನ್ನು ಬರೆದುಕೊಂಡು ಬರಲು ಹೇಳಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುವ ಉತ್ತರ ಬರುತ್ತದೆ. ‘ಈ ಕಿರುಚಿತ್ರದಲ್ಲಿ ತಂದೆ ಸುಳ್ಳು ಹೇಳುತ್ತಿದ್ದಾನೆಂದು ನಿಮಗೆ ಯಾವ ದೃಶ್ಯದಲ್ಲಿ ಗೊತ್ತಾಯಿತು?’ ಎಂದು ಕೇಳಿದರೆ ನಿಜವಾಗಿ ಉಪಯೋಗವಾಗುವ ಉತ್ತರ ಸಿಗುತ್ತದೆ.

ಸ್ಲೈಡ್ ಕಡ್ಡಾಯವಲ್ಲ, ವಸ್ತುವನ್ನೇ ತಂದರೆ ಇನ್ನೂ ಒಳ್ಳೆಯದು. ಕಸೂತಿಯ ಗಾವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತರಹ ಕಾಣಬೇಕು, ಎಲ್ಲೂ ಗಂಟು ಬೀಳಬಾರದು. ಸೀರೆಯ ಸೆರಗನ್ನು ತಿರುವಿ ಹಿಂಬದಿ ತೋರಿಸಿದ ಕ್ಷಣ ಆ ಕೆಲಸದ ಕಷ್ಟ ನೋಡುವವರಿಗೆ ಅರ್ಥವಾಗುತ್ತದೆ. ಸಣ್ಣ ವಸ್ತುವಾದರೆ ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಮೊಬೈಲನ್ನು ಕೆಳಮುಖವಾಗಿಟ್ಟು, ಅದರ ಕ್ಯಾಮೆರಾ ಚಿತ್ರವನ್ನು ಪ್ರೊಜೆಕ್ಟರಿಗೆ ಕಳಿಸಿ. ಕೊನೆಯ ಸಾಲಿನವರಿಗೂ ಸೂಜಿಯ ಓಡಾಟ ಕಾಣುತ್ತದೆ.

ಹಂತ 5: ಯಂತ್ರಗಳನ್ನು ಹಿಂದಿನ ದಿನವೇ ಪರೀಕ್ಷಿಸಿ

ಬೇಕಾಗುವುದು: ಪ್ರೊಜೆಕ್ಟರ್ ಅಥವಾ ದೊಡ್ಡ ಟಿ.ವಿ., ಒಂದೇ ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್, ಟೈಪ್–ಸಿ ಅಡಾಪ್ಟರ್, ಎಕ್ಸ್‌ಟೆನ್ಶನ್ ಬಾಕ್ಸ್, ಸಣ್ಣ ಸ್ಪೀಕರ್. ಪರದೆ ಇಲ್ಲದಿದ್ದರೆ ಸುಣ್ಣ ಬಳಿದ ಗೋಡೆಯೋ ಬಿಗಿಯಾಗಿ ಕಟ್ಟಿದ ಬಿಳಿ ಪಂಚೆಯೋ ಸಾಕು. ಕರೆಂಟು ಹೋಗುವ ಊರಾದರೆ ಚಾರ್ಜ್ ಆಗುವ ಎರಡು ಎಲ್‌ಇಡಿ ದೀಪ ಇರಲಿ. ಕರೆಂಟು ಕೈಕೊಡುವ ಮಳೆಗಾಲದಲ್ಲಿ ಸ್ಲೈಡಿಗಿಂತ ವಸ್ತು ತೋರಿಸುವವರನ್ನೇ ಹೆಚ್ಚು ಕರೆಯಿರಿ.

ಕನ್ನಡದ ಸ್ಲೈಡುಗಳಿಗೆ ವಿಶೇಷ ಗಮನ ಬೇಕು. ನುಡಿ, ಬರಹಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಲು ಹೇಳಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ತರಿಸಿಕೊಳ್ಳಿ. ಅಕ್ಷರದ ಅಳತೆ 30 ಪಾಯಿಂಟಿಗಿಂತ ಕಡಿಮೆ ಇದ್ದರೆ ಒತ್ತಕ್ಷರಗಳು ದೂರದವರಿಗೆ ಕಾಣುವುದಿಲ್ಲ. ಸಾಲುಗಳ ನಡುವೆ ಜಾಗ ಬಿಡಿ.

ಎಲ್ಲರ ಕಡತಗಳನ್ನು ಶುಕ್ರವಾರ ರಾತ್ರಿಯೊಳಗೆ ತರಿಸಿ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಕ್ರಮವಾಗಿ ಜೋಡಿಸಿಡಿ.

ಹಂತ 6: ಗಡಿಯಾರವನ್ನು ಗೌರವಿಸಿ

ಒಂದು ಸಂಜೆಯ ವೇಳಾಪಟ್ಟಿ ಹೀಗಿರಬಹುದು:

- 5:15 – ಕುರ್ಚಿ ಜೋಡಣೆ, ಪ್ರೊಜೆಕ್ಟರ್ ಪರೀಕ್ಷೆ
- 6:00 – ನಿರೂಪಕರ ನಾಲ್ಕು ಮಾತು
- 6:05 – ಮೊದಲ ಮೂವರು (7 ನಿಮಿಷ ಪ್ರಸ್ತುತಿ, 5 ನಿಮಿಷ ಮಾತುಕತೆ, 1 ನಿಮಿಷ ಬದಲಾವಣೆ)
- 6:45 – ಚಹಾ, ಮಂಡಕ್ಕಿ
- 7:05 – ಉಳಿದ ಇಬ್ಬರು
- 7:30 – ಸಭೆಯಲ್ಲಿರುವ ಯಾರಾದರೂ ಒಂದು ನಿಮಿಷ: ‘ನನಗೆ ಇದು ಬೇಕಾಗಿದೆ’, ‘ನಾನು ಇದನ್ನು ಕೊಡಬಲ್ಲೆ’
- 7:45 – ಮುಂದಿನ ತಾರೀಕು ಹೇಳಿ ಮುಕ್ತಾಯ

ಆರಕ್ಕೆ ಎಂಟೇ ಜನ ಬಂದಿದ್ದರೂ ಆರಕ್ಕೇ ಶುರು ಮಾಡಿ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಆರಂಭವಾದ ಮೇಲೆ ಒಳಗೆ ಬಿಡುವುದಿಲ್ಲ, ಪ್ರೇಕ್ಷಕರು ಆ ಶಿಸ್ತಿಗೆ ಒಗ್ಗಿದ್ದಾರೆ. ನೀವು ಬಾಗಿಲು ಹಾಕಬೇಕಿಲ್ಲ, ಹೇಳಿದ ಹೊತ್ತಿಗೆ ಆರಂಭಿಸಿದರೆ ಸಾಕು. ಐದು ನಿಮಿಷವಾದಾಗ ಹಳದಿ ಚೀಟಿ, ಏಳಾದಾಗ ಕೆಂಪು ಚೀಟಿ ಎತ್ತಲು ಮುಂದಿನ ಸಾಲಿನಲ್ಲಿ ಒಬ್ಬರನ್ನು ಕೂರಿಸಿ. ಈ ನಿಯಮ ಹಿರಿಯರಿಗೂ ಅನ್ವಯಿಸಲಿ. ಒಬ್ಬರು ಇಪ್ಪತ್ತು ನಿಮಿಷ ತೆಗೆದುಕೊಂಡರೆ ಕೊನೆಯಲ್ಲಿ ಕಾಯುತ್ತಿರುವ ವಿದ್ಯಾರ್ಥಿಯ ಪಾಲೇ ಕರಗುತ್ತದೆ.

ಹಂತ 7: ಮಾತುಕತೆಗೆ ಒಂದು ಕ್ರಮವಿರಲಿ

ಅರ್ಧ ಕೆಲಸ ತೋರಿಸಿದವರ ಮನಸ್ಸು ಬೇಗ ನೋಯುತ್ತದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಇದಕ್ಕಾಗಿಯೇ ನಾಲ್ಕು ಮೆಟ್ಟಿಲಿನ ಒಂದು ವಿಧಾನ ರೂಪಿಸಿದರು. ಮೊದಲು, ನೋಡಿದವರು ತಮ್ಮ ಮನಸ್ಸಿಗೆ ತಾಗಿದ್ದನ್ನು ಹೇಳುತ್ತಾರೆ. ಎರಡನೆಯದಾಗಿ, ಕಲಾವಿದರೇ ಸಭೆಯನ್ನು ಪ್ರಶ್ನಿಸುತ್ತಾರೆ. ಮೂರನೆಯದಾಗಿ, ಸಭೆಯವರು ಕಲಾವಿದರನ್ನು ಕೇಳುತ್ತಾರೆ, ಆದರೆ ಆ ಪ್ರಶ್ನೆಯಲ್ಲಿ ತೀರ್ಪು ಅಡಗಿರಬಾರದು. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ ಅಭಿಪ್ರಾಯ.

ಐದು ನಿಮಿಷಕ್ಕೆ ಇದನ್ನು ಹೀಗೆ ಚಿಕ್ಕದಾಗಿಸಿ: ಇಬ್ಬರು ‘ನನಗೆ ತಾಗಿದ್ದು’ ಹೇಳಲಿ, ಆಮೇಲೆ ತೋರಿಸಿದವರ ಪ್ರಶ್ನೆಗೆ ಮೂವರು ಉತ್ತರಿಸಲಿ. ಕೇಳದ ಸಲಹೆ ಶುರುವಾದರೆ ನಿರೂಪಕರು “ಅದನ್ನ ಚಹಾದ ಹೊತ್ತಿಗೆ ಮಾತಾಡೋಣ ಸರ್” ಎಂದು ನಯವಾಗಿ ತಡೆಯಲಿ. ಚಹಾಕ್ಕೆ ಇಪ್ಪತ್ತು ನಿಮಿಷ ಇಟ್ಟಿರುವುದು ಇದಕ್ಕೇ. ಸಭೆಯಲ್ಲಿ ಕೈ ಎತ್ತಲು ಹಿಂಜರಿಯುವವರು ಅಲ್ಲಿ ಮಾತಾಡುತ್ತಾರೆ.

ಫೋಟೊ, ವಿಡಿಯೊ ತೆಗೆಯುವ ಮೊದಲು ಪ್ರತಿಯೊಬ್ಬರ ಒಪ್ಪಿಗೆ ಕೇಳಿ. ಇನ್ನೂ ಪ್ರಕಟವಾಗದ ಕತೆ, ಹೊಸ ವಿನ್ಯಾಸ ಕೋಣೆಯಿಂದಾಚೆ ಹೋಗಬಾರದು ಎಂದು ಅವರು ಬಯಸಿದರೆ ಆ ಮಾತೇ ಅಂತಿಮ.

ಹಂತ 8: ಖರ್ಚನ್ನು ಚಿಕ್ಕದಾಗಿಡಿ

ಪ್ರವೇಶ ಉಚಿತ. ಬಾಗಿಲ ಬಳಿ ಒಂದು ಡಬ್ಬಿ, ಪಕ್ಕದಲ್ಲಿ ಯುಪಿಐ ಕ್ಯೂಆರ್ ಚೀಟಿ ಇಡಿ. ಬಂದದ್ದೆಷ್ಟು, ಚಹಾಕ್ಕೆ ಹೋದದ್ದೆಷ್ಟು ಎಂದು ಅಂದೇ ಗುಂಪಿನಲ್ಲಿ ಹಾಕಿ. ಪ್ರೊಜೆಕ್ಟರನ್ನು ಬಾಡಿಗೆಗೆ ತರುವ ಮೊದಲು ಶಾಲೆಯಲ್ಲೋ ಟ್ಯೂಷನ್ ಕೇಂದ್ರದಲ್ಲೋ ಕೇಳಿ ನೋಡಿ. ಪ್ರಾಯೋಜಕರು ಸಿಕ್ಕರೂ ಬ್ಯಾನರ್, ಭಾಷಣದ ಷರತ್ತಿದ್ದರೆ ಒಪ್ಪಬೇಡಿ. ಖರ್ಚು ಚಹಾದಷ್ಟೇ ಇದ್ದರೆ ಯಾರ ಹಂಗೂ ಇಲ್ಲದೆ ಸಂಜೆ ಮುಂದುವರಿಯುತ್ತದೆ.

ಹಂತ 9: ಮೂರನೇ ತಿಂಗಳಿಗೆ ಕೆಲಸ ಹಂಚಿ

ಒಬ್ಬರ ಹೆಗಲ ಮೇಲೆ ನಿಂತ ಸಂಜೆ ಅವರಿಗೆ ವರ್ಗವಾದರೆ ನಿಲ್ಲುತ್ತದೆ. ಮೂರನೇ ತಿಂಗಳಿನಿಂದ ನಿರೂಪಣೆ, ಗಡಿಯಾರ, ಚಹಾ, ಕರೆಯುವ ಕೆಲಸ ಬೇರೆಬೇರೆಯವರಿಗೆ ಹೋಗಲಿ. ಈ ತಿಂಗಳು ತೋರಿಸಿದವರು ಮುಂದಿನ ತಿಂಗಳಿಗೆ ಒಬ್ಬರನ್ನು ಕರೆತರುವ ಪದ್ಧತಿ ಮಾಡಿ. ನಿಮಗೆ ಪರಿಚಯವಿಲ್ಲದ ಓಣಿಗಳಿಂದಲೂ ಜನ ಬರುವುದು ಹೀಗೆಯೇ.

ಒಂದು ನೋಟ್‌ಬುಕ್ ಇಡಿ: ಯಾರು ಏನು ತೋರಿಸಿದರು, ಏನು ಕೇಳಿದರು, ಸಭೆ ಏನು ಹೇಳಿತು. ಆರು ತಿಂಗಳಿಗೊಮ್ಮೆ ಅದನ್ನು ತೆರೆದು, ಹಿಂದೆ ತೋರಿಸಿದವರನ್ನು ಮತ್ತೆ ಕರೆಯಿರಿ. ಸಂಜೆ ಗೆದ್ದಿತೋ ಇಲ್ಲವೋ ಎಂದು ಅಳೆಯುವುದಕ್ಕೆ ತಲೆ ಎಣಿಸಬೇಡಿ. ಸಿಕ್ಕಿಹಾಕಿಕೊಂಡಿದ್ದೇನೆ ಎಂದವರು ಮುಂದೆ ಸಾಗಿದ್ದಾರೆಯೇ, ಅಂದು ಸಿಕ್ಕ ಉತ್ತರ ಅವರ ಕೆಲಸದಲ್ಲಿ ಏನನ್ನಾದರೂ ಬದಲಿಸಿತೇ ಎಂದು ಕೇಳಿ. ಹನ್ನೆರಡು ಜನರ ಕೋಣೆಯಲ್ಲೂ ‘ಹೌದು’ ಎನ್ನುವವರು ಇಬ್ಬರು ಸಿಕ್ಕರೆ, ಆ ಸಂಜೆಯನ್ನು ನಿಲ್ಲಿಸಬೇಡಿ.