ನಮ್ಮ ಕಡೆಯ ಊರ ಹೆಸರುಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮುಖ್ಯಸ್ಥಳಗಳ ಹೆಸರಿನ ಕೊನೆಯನ್ನು ವಾಚಕರು ಗಮನಿಸಬೇಕು. ಪಟ್ಟಣ, ಪುರ, ಪೇಟೆ, ಮಂಗಲ: ಒಂದು ಇನ್ನೊಂದರಂತಿಲ್ಲ. ನಾಲ್ಕರಲ್ಲಿಯೂ ದೊಡ್ಡವರ ಕೈವಾಡ ಕಾಣುತ್ತದೆ. ಜನ ಇಟ್ಟ ಹೆಸರುಗಳನ್ನು ಬೇರೆಡೆ ಹುಡುಕಬೇಕು.

ಮಂಗಲವೆಂಬುದು ಸಾಮಾನ್ಯವಾಗಿ ಅಗ್ರಹಾರದ ಗುರುತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಾಗಮಂಗಲಕ್ಕೆ 'ವೀರಬಲ್ಲಾಳ ಚತುರ್ವೇದಿ ಭಟ್ಟರತ್ನಾಕರ' ಎಂಬ ಬಿರುದಿನಂಥ ಹೆಸರಿತ್ತು. ಅಷ್ಟುದ್ದ ಹೆಸರು ಯಾರ ನಾಲಿಗೆಯ ಮೇಲೆ ನಿಂತೀತು? ಶಾಸನದಲ್ಲಿಯೇ ಉಳಿಯಿತು. ತೊಣ್ಣೂರು ಕೆರೆಯನ್ನು 'ಮೋತಿ ತಲಾಬ್' ಎಂದು ಕರೆದದ್ದೂ ಉಂಟು. ನಮ್ಮ ಜನಕ್ಕೆ ಅದು ಇಂದಿಗೂ ತೊಣ್ಣೂರು ಕೆರೆಯೇ.

ಪಾಂಡವಪುರದ ಕಥೆ ಬೇರೆ. ಅದರ ಹಳೆಯ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ 'ಫ್ರೆಂಚ್ ರಾಕ್ಸ್' ಆಯಿತು. ರೈಲು ನಿಲ್ದಾಣಕ್ಕೂ ಅದೇ ಹೆಸರಿತ್ತು. ಪಾಂಡವರು ವನವಾಸದಲ್ಲಿ ಕುಂತಿಬೆಟ್ಟಕ್ಕೆ ಬಂದಿದ್ದರೆಂಬ ಪ್ರತೀತಿ ಈಗಿನ ಹೆಸರಿಗೆ ಆಧಾರ. ಪರದೇಶದ ಹೆಸರನ್ನು ತೆಗೆದದ್ದು ಸರಿಯೇ. ಆದರೆ ಹಿರೋಡೆಯೆಂಬ ಹೆಸರಿಗೇ ಮರಳಿದ್ದರೆ ಇನ್ನೂ ಚೆನ್ನಾಗಿತ್ತೆಂದು ನನ್ನ ಅಭಿಪ್ರಾಯ. ನಮ್ಮ ಅಜ್ಜಿ ಈಗಲೂ ಸಂತೆಗೆ ಹೊರಡುವುದು 'ಇರೋಡೆ'ಗೇ.

ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆಯಾಗಿತ್ತು. ಅತ್ತಿಯ ಮರವನ್ನು ಕಂಡು ಇಟ್ಟ ಹೆಸರಾಗಿರಬೇಕು. ಅದರ ಪಕ್ಕದಲ್ಲಿಯೇ ಹೊಸಹೊಳಲು ಇದೆ. ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಲು ಹೋಗುವವರು ಊರ ಹೆಸರನ್ನು ಕೇಳಿ ಮುಂದೆ ನಡೆಯುತ್ತಾರೆ. ಹಳಗನ್ನಡದಲ್ಲಿ 'ಪೊಳಲ್' ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪೂವು ಹೂವಾದಂತೆ ಪೊಳಲ್ ಹೊಳಲಾಯಿತು. ಹೊಸಹೊಳಲು ಎಂದರೆ ಹೊಸ ಪಟ್ಟಣ! ತರಗತಿಯಲ್ಲಿ ಅರ್ಥಕೋಶ ಹಿಡಿದು ಹುಡುಕುವ ಪದವನ್ನು ಅಲ್ಲಿಯ ರೈತರು ಬಸ್ಸಿನ ಕಂಡಕ್ಟರನಿಗೆ ದಿನವೂ ಹೇಳಿ ಟಿಕೆಟ್ಟು ಪಡೆಯುತ್ತಾರೆ.

ಅದೇ ತಾಲ್ಲೂಕಿನಲ್ಲಿ ಸಂತೆಬಾಚಹಳ್ಳಿ, ಅಗ್ರಹಾರಬಾಚಹಳ್ಳಿ ಎಂಬ ಎರಡು ಊರುಗಳಿವೆ. ಒಂದನ್ನು ಸಂತೆಯಿಂದಲೂ ಇನ್ನೊಂದನ್ನು ಅಗ್ರಹಾರದಿಂದಲೂ ಗುರುತಿಸಿದ್ದಾರೆ. ನಾಗಮಂಗಲದ ಕಂಬದಹಳ್ಳಿಗೆ ಹೆಸರು ಕೊಟ್ಟ ಜೈನರ ಬ್ರಹ್ಮದೇವರ ಕಂಬ ಇಂದಿಗೂ ನಿಂತಿದೆ.

ಕನ್ನಂಬಾಡಿಯವರಿಗೆ ಆ ಭಾಗ್ಯವಿಲ್ಲ. 1911ರಲ್ಲಿ ಆರಂಭವಾದ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿತು. ಜನರು ಬೇರೆಡೆ ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ಜಲಾಶಯಕ್ಕೆ ಕೃಷ್ಣರಾಜಸಾಗರವೆಂದು ಹೆಸರಾದರೂ ಹಳ್ಳಿಗರು ಕನ್ನಂಬಾಡಿ ಕಟ್ಟೆ ಎನ್ನುವುದನ್ನು ಬಿಟ್ಟಿಲ್ಲ.

ಇನ್ನು ಕೊಪ್ಪಲುಗಳು. ನಮ್ಮ ಸೀಮೆಯಲ್ಲಿ ಇವು ಲೆಕ್ಕವಿಲ್ಲದಷ್ಟು; ನನ್ನದೂ ಅಂಥದೊಂದು. ನಾಲ್ಕಾರು ಮನೆಗಳು ಮೂಲ ಊರಿನಿಂದ ಬೇರೆಯಾಗಿ ನೆಲೆಸಿದರೆ ಕೊಪ್ಪಲು. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟವನ್ನು ತಿರುವಿಹಾಕಿದೆ, ನಮ್ಮೂರು ಅದರಲ್ಲಿಲ್ಲ. ಇರುವುದಾದರೂ ಹೇಗೆ? ನಮ್ಮವರಿಗೆ ದತ್ತಿ ಬಿಟ್ಟವರಿಲ್ಲ, ಕಲ್ಲು ನೆಡಿಸಿದವರಿಲ್ಲ. ಕೊಪ್ಪಲಿಗೆ ಹೆಸರಾದ ಗೌಡ ಯಾರು, ಎಲ್ಲಿಂದ ಬಂದ ಎಂಬುದನ್ನು ಹೇಳಬಲ್ಲವರು ಊರಿನಲ್ಲಿ ಇಬ್ಬರು ಮುದುಕರು ಮಾತ್ರ. ಅವರು ಹೇಳಿದ್ದನ್ನು ಈ ದಸರಾ ರಜೆಯಲ್ಲಿ ಬರೆದುಕೊಂಡೆ. ಹೊಲ, ಕಟ್ಟೆ, ಗುಡ್ಡಗಳ ಹೆಸರುಗಳೇ ಅರವತ್ತಕ್ಕೂ ಹೆಚ್ಚಾದವು. ಸಹಪಾಠಿಗಳು ತಮ್ಮ ತಮ್ಮ ಊರಿನವನ್ನು ಬರೆದು ತಂದರೆ, ನಮ್ಮ ಗ್ರಂಥಾಲಯದಲ್ಲಿ ಒಂದು ಕೈಬರಹದ ಪುಸ್ತಕವಾಗಿಯಾದರೂ ಇಡಬಹುದು.