ಸರ್ಕಾರ ಬದಲಾಯಿತು, ಕಿಟಕಿ ಬದಲಾಗಲಿಲ್ಲ

ದಾನಿಯೇಲನ ಪುಸ್ತಕ 6ನೇ ಅಧ್ಯಾಯ ತೆಗೆಯಿರಿ. ಮೊಬೈಲಿನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿಬಿಡಿ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಚುನಾವಣೆ ಸಮಯದಲ್ಲಿ ನಮ್ಮ ಸಭೆಯ ಒಬ್ಬ ಸಹೋದರರ ಜೊತೆ ವಾದಕ್ಕೆ ಇಳಿದೆ. ರಾತ್ರಿ ಒಂದು ಗಂಟೆಯಾದರೂ ಮೆಸೇಜ್ ನಿಲ್ಲಲಿಲ್ಲ. ಮುಂದಿನ ಭಾನುವಾರ ಕರ್ತನ ಮೇಜು. ರೊಟ್ಟಿ ಕೈಯಲ್ಲಿದೆ, ಆ ಸಹೋದರರು ಎದುರಿಗೇ ಕೂತಿದ್ದಾರೆ, ಮುಖ ನೋಡೋಕೆ ಆಗ್ತಿಲ್ಲ. ಆಗ ಪವಿತ್ರಾತ್ಮನು ನನ್ನ ಹೃದಯದಲ್ಲಿ ಕೇಳಿದನು: "ನಿನ್ನ ಪಕ್ಷವನ್ನು ಯಾರಾದರೂ ಬೈದರೆ ನಿನಗೆ ನಿದ್ದೆ ಬರಲ್ಲ. ನನ್ನ ಹತ್ತಿರ ಮಾತಾಡದೆ ಎಷ್ಟು ರಾತ್ರಿ ನೆಮ್ಮದಿಯಾಗಿ ಮಲಗಿದ್ದೀಯ?"

ಪ್ರಿಯರೇ, ದಾನಿಯೇಲನನ್ನು ನೋಡಿ. ಯೌವನದಲ್ಲೇ ಬಾಬೆಲಿಗೆ ಸೆರೆಯಾಗಿ ಹೋದವನು. ಹೆಸರು ಬದಲಾಯಿಸಿದರು, ಭಾಷೆ ಕಲಿಸಿದರು, ಅರಮನೆ ಕೆಲಸಕ್ಕೆ ಹಾಕಿದರು. ನೆಬೂಕದ್ನೆಚ್ಚರ ಹೋದ, ಬೇಲ್ಶಚ್ಚರ ಬಂದ. ಅವನೂ ಹೋದ, ದಾರ್ಯಾವೆಷ ಬಂದ. ದಾನಿಯೇಲ ಮಾತ್ರ ಇನ್ನೂ ಅಲ್ಲೇ ಇದ್ದ. ಗಾಳಿ ಬಂದಾಗ ತೂರಿಕೊಳ್ಳುವ ಜಾಣನಾ? ಅಲ್ಲ. ನೆಬೂಕದ್ನೆಚ್ಚರನ ಕನಸು ಕೇಳಿ ಆ ರಾಜನಿಗೋಸ್ಕರ ಕಳವಳಪಟ್ಟ. ಅದೇ ಬಾಯಲ್ಲಿ, ಪಾಪ ಬಿಟ್ಟು ಬಡವರಿಗೆ ಕರುಣೆ ತೋರಿಸು ಅಂತ ನೇರವಾಗಿ ಹೇಳಿದ (4:19, 27). ವೈರಿಗಳು ಎಷ್ಟು ಹುಡುಕಿದರೂ ಅವನ ರಾಜ್ಯಭಾರದ ಕೆಲಸದಲ್ಲಿ ಒಂದು ತಪ್ಪೂ ಸಿಗಲಿಲ್ಲ (6:4).

ಕೆಲವರು "ರಾಜಕೀಯ ಹೊಲಸು, ನಮಗೇಕೆ" ಅಂತಾರೆ. ಇನ್ನು ಕೆಲವರು ಪಕ್ಷವನ್ನೇ ದೇವರು ಮಾಡ್ಕೊಳ್ತಾರೆ. ದಾನಿಯೇಲ ಎರಡೂ ಮಾಡಲಿಲ್ಲ. ರಾಜನ ಸೇವೆ ಮಾಡಿದ, ರಾಜನಿಗೆ ಆರಾಧನೆ ಮಾಡಲಿಲ್ಲ.

ಆಮೇಲೆ ಆ ಕಾನೂನು ಬಂತು: 30 ದಿನ ರಾಜನಿಗೆ ಬಿಟ್ಟು ಯಾರಿಗೂ ವಿಜ್ಞಾಪನೆ ಮಾಡಬಾರದು, ಮಾಡಿದರೆ ಸಿಂಹಗಳ ಗವಿ. ದಾನಿಯೇಲ ಮನೆಗೆ ಹೋದ. ಮಾಳಿಗೆಯ ಕಿಟಕಿ ಯೆರೂಸಲೇಮಿನ ಕಡೆಗೆ ತೆರೆದೇ ಇತ್ತು. ದಿನಕ್ಕೆ ಮೂರು ಸಾರಿ ಮೊಣಕಾಲೂರಿದ. ವಾಕ್ಯದಲ್ಲಿ ಒಂದು ಸಣ್ಣ ಮಾತಿದೆ, ಗಮನಿಸಿ: ಮೊದಲು ಮಾಡುತ್ತಿದ್ದ ಹಾಗೆಯೇ (6:10). ಜನ ನೋಡಲಿ ಅಂತ ಹೊಸದಾಗಿ ಕಿಟಕಿ ತೆರೆಯಲಿಲ್ಲ, ಭಯಪಟ್ಟು ಮುಚ್ಚಲೂ ಇಲ್ಲ. ಗವಿಯಲ್ಲಿ ಕಂಡ ಆ ನಂಬಿಗಸ್ತಿಕೆ ಗವಿಯಲ್ಲಿ ಹುಟ್ಟಿದ್ದಲ್ಲ, ಯಾರೂ ನೋಡದ ಸಾಮಾನ್ಯ ದಿನಗಳಲ್ಲಿ ಬೆಳೆದದ್ದು.

ಯುವಜನರೇ, ವೋಟು ಹಾಕಿ. ಪ್ರಶ್ನೆ ಕೇಳಿ. ಬಡವರ ಪರವಾಗಿ ಮಾತಾಡಿ. ಆದರೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ನೀವು ಮೆಚ್ಚಿದ ನಾಯಕ ತಪ್ಪು ಮಾಡಿದಾಗ ಅದು ತಪ್ಪು ಅನ್ನುವ ಧೈರ್ಯ ಇದೆಯಾ? ನಿಮಗೆ ಆಗದ ನಾಯಕನಿಗೋಸ್ಕರ ಪ್ರಾರ್ಥನೆ ಮಾಡೋಕೆ ಆಗುತ್ತಾ? ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಬೇಕು ಅಂತ ಪೌಲನು ಬರೆದಿದ್ದಾನೆ (1 ತಿಮೊಥೆಯ 2:1-2). ಎಲ್ಲರಿಗಾಗಿ ಅಂದರೆ ನಾವು ವೋಟು ಹಾಕಿದವರಿಗೆ ಮಾತ್ರ ಅಲ್ಲ.

ಆ ಭಾನುವಾರ ರೊಟ್ಟಿ ತಿನ್ನುವ ಮೊದಲು ನಾನು ಎದ್ದು ಆ ಸಹೋದರರ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ನನಗೂ ನಿದ್ದೆ ಬಂದಿಲ್ಲ ಪಾಸ್ಟರ್" ಅಂದರು. ನಮ್ಮಿಬ್ಬರ ವೋಟು ಇವತ್ತಿಗೂ ಬೇರೆ ಬೇರೆ. ಮೇಜು ಮಾತ್ರ ಒಂದೇ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಮನೆಯ ಕಿಟಕಿ ಮತ್ತೆ ನಿನ್ನ ಕಡೆಗೆ ತೆರೆಯಲಿ. ಯೇಸುವಿನ ನಾಮದಲ್ಲಿ, ಆಮೆನ್.