ಕೋಳಿಗೂಡಿಗೆ ಬಿಸಿ ಬೇಡ, ನೀರು ನೋಡಿಕೋ

ಪುಟ್ಟೀ, ಮಿನ್ನೆಸೋಟಾದ ನಿನ್ನ ಮನೆಯ ಹಿತ್ತಲಿಗೆ ಕೋಳಿ ತಂದೆ ಅಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಕೋಳಿ ಸಾಕಿದ ದೊಡ್ಡಮ್ಮನಾಗಿ, ಹಿಮ ಬೀಳುವ ಮೊದಲೇ ಹೇಳಿಬಿಡುತ್ತೇನೆ. ಬೆಳೆದ ಕೋಳಿ ಚಳಿ ತಡೆಯುತ್ತದೆ. ಗರಿ ಉಬ್ಬಿಸಿ, ಒಂದಕ್ಕೊಂದು ಒತ್ತಿ ಕೂತು ತನ್ನ 41 ಡಿಗ್ರಿ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುತ್ತದೆ. ನೀರು ಗಡ್ಡೆ ಕಟ್ಟಿದರೆ ಮಾತ್ರ ಅದರ ಕೈಲಿ ಏನೂ ಆಗದು.

ನಮ್ಮೂರಲ್ಲಿ ಕೋಳಿಯ ನೀರಿನ ಚಿಂತೆ ಯಾರಿಗಿತ್ತು? ಬಚ್ಚಲ ಮೋರಿಯಲ್ಲೋ ದನದ ಬಾನಿಯಲ್ಲೋ ಕುಡಿದು ಬರುತ್ತಿದ್ದವು. ಇಲ್ಲಿ ಜನವರಿಯಲ್ಲಿ ಅಂಥ ಬಾನಿ ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು. ಮೊಟ್ಟೆಯ ಮುಕ್ಕಾಲು ಪಾಲು ನೀರೇ ತಾನೆ! ನೀರು ಸಿಗದ ಕೋಳಿ ಕಾಳನ್ನೂ ಬಿಡುತ್ತದೆ, ಕಾಳು ಬಿಟ್ಟರೆ ಮೈ ಬೆಚ್ಚಗಿಡುವ ಶಕ್ತಿ ಎಲ್ಲಿಂದ ಬರಬೇಕು? ಹಿಮ ಕುಕ್ಕಿ ತಿನ್ನುತ್ತವಲ್ಲ ಅಂತ ಸುಮ್ಮನಾಗಬೇಡ. ಅದನ್ನು ಕರಗಿಸಲು ಮೈಶಾಖವೇ ಖರ್ಚಾಗುತ್ತದೆ.

ಕಪ್ಪು ರಬ್ಬರ್ ಬೋಗುಣಿ ಎರಡು ತಂದಿಟ್ಟುಕೋ. ಪ್ಲಾಸ್ಟಿಕ್ಕಿನದು ಚಳಿಗೆ ಸೀಳುತ್ತದೆ. ರಬ್ಬರಿನದನ್ನು ಮಗುಚಿ ತುಳಿದರೆ ಗಡ್ಡೆ ಕಳಚಿ ಬೀಳುತ್ತದೆ. ಒಂದು ಮನೆಯೊಳಗೆ ಕರಗುತ್ತಿರಲಿ, ಇನ್ನೊಂದು ಹೊರಗೆ ಬಿಸಿಲು ಬೀಳುವ ಕಡೆ ಇರಲಿ. ಬೆಳಿಗ್ಗೆ, ಮಧ್ಯಾಹ್ನ, ಕತ್ತಲಾಗುವ ಮೊದಲು ಉಗುರುಬೆಚ್ಚಗಿನ ನೀರು ಹಾಕು. ರಾತ್ರಿ ನೀರಿಡುವುದೇ ಬೇಡ, ಕತ್ತಲಲ್ಲಿ ಕೋಳಿ ಕುಡಿಯುವುದಿಲ್ಲ. ಗೂಡಿನೊಳಗೆ ತೆರೆದ ನೀರಿದ್ದರೆ ತೇವ ಏರುತ್ತದೆ, ಆ ತೇವಕ್ಕೆ ಚಳಿ ಸೇರಿದರೆ ಜುಟ್ಟಿನ ತುದಿ ಕಪ್ಪಾಗಿ ಸಾಯುತ್ತದೆ. ಚಳಿಯೆಂದು ಗೂಡಿನ ಮೇಲ್ಗಿಂಡಿಗಳನ್ನು ಮುಚ್ಚಬೇಡ ಎನ್ನುವುದೂ ಇದಕ್ಕೇ. ಲೆಗ್‌ಹಾರ್ನ್‌ನಂಥ ದೊಡ್ಡ ಜುಟ್ಟಿನ ತಳಿಯಾದರೆ ಗದ್ದದ ಕೆಳಗಿನ ಜೋಲು ನೀರಿಗೆ ಅದ್ದದಂತೆ ಕಿರಿದಾದ ಬಾಯಿಯ ಪಾತ್ರೆ ಹುಡುಕು.

ಕೆಲಸಕ್ಕೆ ಹೋಗುವವಳು ನೀನು, ಮಧ್ಯಾಹ್ನ ಮನೆಯಲ್ಲಿರುವುದಿಲ್ಲ. ಅದಕ್ಕೆ ಥರ್ಮೋಸ್ಟಾಟ್ ಇರುವ ಬಿಸಿ ತಟ್ಟೆ ಕೊಳ್ಳುವುದೇ ಸರಿ. ನೀರು ಗಡ್ಡೆ ಕಟ್ಟುವ ಹದಕ್ಕೆ ಬಂದಾಗ ತಾನೇ ಬಿಸಿಯಾಗುತ್ತದೆ. ಮೇಲಿಡುವ ಪಾತ್ರೆ ತಗಡಿನದಿರಲಿ. ವೈರು ಕೋಳಿಯ ಕೊಕ್ಕಿಗೆ ಸಿಗದಂತೆ, ಪ್ಲಗ್ಗಿಗೆ ನೀರು ತಾಗದಂತೆ ಕಟ್ಟು.

ಹೀಟ್ ಲ್ಯಾಂಪ್ ಮಾತ್ರ ತರಬೇಡ ಮಗಳೇ, ಕೈಮುಗಿದು ಕೇಳುತ್ತೇನೆ. ಕೋಳಿ ಹಾರಿ ಬಡಿದರೆ ಸಾಕು, ದೀಪ ಒಣಹುಲ್ಲಿನ ಮೇಲೆ ಬೀಳುತ್ತದೆ. ಗೂಡುಗಳು ಹೀಗೇ ಸುಟ್ಟುಹೋಗುವುದು. ಗಡ್ಡೆ ಕಟ್ಟದಿರಲಿ ಅಂತ ನೀರಿಗೆ ಉಪ್ಪು ಬೆರೆಸಲು ಯಾರಾದರೂ ಹೇಳಿದರೂ ಕೇಳಬೇಡ, ಹೆಚ್ಚು ಉಪ್ಪು ಕೋಳಿಗೆ ವಿಷ.

ಬಿಸಿ ತಟ್ಟೆ ಬಂತೆಂದು ರಬ್ಬರ್ ಬೋಗುಣಿಗಳನ್ನು ಅಟ್ಟಕ್ಕೆ ಹಾಕಬೇಡ. ಹಿಮಗಾಳಿಗೆ ಕರೆಂಟ್ ಹೋದ ದಿನ ಅವೇ ಬೇಕಾಗುತ್ತವೆ.